ಪದ ಅಜ್ಜಿದು, ಟ್ರ್ಯಾಕ್ ಯಾರದು?

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ರೂಮಿದೆ, ಕ್ಯಾಸೆಟ್ ಕಾಲದಿಂದ. ಸುಗ್ಗಿ ಮುಗಿದರೆ ಭಜನೆ ಮೇಳದವರು, ಸೋಬಾನೆ ಹಾಡುವ ಅಕ್ಕಂದಿರು ಬರುತ್ತಾರೆ. ಮೊಹರಂ ಹತ್ತಿರ ಬಂದರೆ ರಿವಾಯತ್ ಪದದವರು. ಹಾಡುವುದನ್ನು ಅವರಿಗೆ ನಾನೇನೂ ಕಲಿಸಬೇಕಿಲ್ಲ. ಹಲಗೆ ಕಾಯಿಸೋಕೆ ರಸ್ತೆ ಬದಿಯಲ್ಲೇ ಬೆಂಕಿ ಹಾಕುತ್ತಾರೆ, ಪಕ್ಕದ ಅಂಗಡಿಯವನ ಬೈಗುಳ ನನಗೆ. ಅದನ್ನೂ ಸಹಿಸಿಕೊಳ್ಳುತ್ತೇನೆ. ತಲೆ ತಿನ್ನುವುದು ಒಂದೇ ಮಾತು: "ಜನಪದಕ್ಕ ಎಲ್ಲೀ ಕಾಪಿರೈಟ್‌ರೀ?"

ಎರಡು ವರ್ಷದ ಹಿಂದೆ ಕನಕಗಿರಿ ಕಡೆಯ ಒಂದು ಮೇಳ ಬಂತು. ಏಳು ಜನ. ಬೀಸುವ ಪದಗಳದ್ದೊಂದು ಆಲ್ಬಂ ಮಾಡಿದ್ದರು. ನನ್ನಲ್ಲಲ್ಲ, ಬೇರೆ ಕಡೆ, ಕಡಿಮೆ ದುಡ್ಡಿಗೆ. ಯೂಟ್ಯೂಬಿನಲ್ಲಿ ಸಿಕ್ಕ ಟ್ರ್ಯಾಕ್, ಅಂದರೆ ಹಾಡಿಲ್ಲದ ಬರೀ ವಾದ್ಯದ ಸದ್ದು, ಇಳಿಸಿಕೊಂಡು ಅದರ ಮೇಲೆ ಹಾಡಿ ಯೂಟ್ಯೂಬಿಗೇ ಹಾಕಿದ್ದರು. ಹದಿನೈದು ದಿನಕ್ಕೆ ಸುತ್ತಲ ಊರಿನ ಟ್ರ್ಯಾಕ್ಟರ್‌ಗಳಲ್ಲೆಲ್ಲ ಅದೇ ಹಾಡು. ಆಮೇಲೆ ಕ್ಲೇಮ್ ಬಂತು, ಅಂದರೆ ಆ ಟ್ರ್ಯಾಕ್ ನಮ್ಮದು ಅಂತ ಅದರ ಒಡೆಯರು ಯೂಟ್ಯೂಬಿನಲ್ಲಿ ಹಕ್ಕು ಕೇಳಿದರು. ಬಂದ ಪುಡಿಗಾಸೂ ಬೇರೆಯವರ ಖಾತೆಗೆ.

ಮೇಳದ ಹಿರಿಯರು ನನ್ನ ಮೇಲೆಯೇ ರೇಗಿದರು. "ನಮ್ಮ ಅಜ್ಜಿ ಹಾಡ್ತಿದ್ದ ಪದ ಇದು. ಇದಕ್ಕ ಹಕ್ಕು ಕೇಳಾಕ ಅವ್ರ್ಯಾರಪಾ?"

ಪದಕ್ಕೆ ಯಾರೂ ಹಕ್ಕು ಕೇಳಿರಲಿಲ್ಲ. ಇದನ್ನೇ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಒಂದು ಹಾಡಿನಲ್ಲಿ ಮಾತು ಬೇರೆ, ಧಾಟಿ ಬೇರೆ, ರೆಕಾರ್ಡ್ ಆದ ಸದ್ದು ಬೇರೆ. ಬೀಸುವ ಪದದ ಮಾತು, ಧಾಟಿ ಎಲ್ಲರದು. ಶರೀಫರ ತತ್ವಪದವೂ ಹಾಗೆಯೇ, ಅವರು ತೀರಿಕೊಂಡಿದ್ದು 1889ರಲ್ಲಿ. ಆದರೆ ಆ ಟ್ರ್ಯಾಕಿನಲ್ಲಿ ಯಾರೋ ಕೂತು ಕೀಬೋರ್ಡ್ ನುಡಿಸಿದ್ದಾರೆ, ಯಾರೋ ದುಡ್ಡು ಕೊಟ್ಟು ಮಾಡಿಸಿದ್ದಾರೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಆ ಸದ್ದಿನ ಹಕ್ಕು, ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ನಮ್ಮ ಗಂಗಾವತಿಯಲ್ಲಿ ಎಲ್ಲರ ಮನೆಯಲ್ಲೂ ಅಕ್ಕಿ ಇದೆ. ಹಾಗಂತ ಪಕ್ಕದ ಮನೆಯ ಅನ್ನದ ಗಡಿಗೆ ಎತ್ತಿಕೊಂಡು ಬರೋಕಾಗುತ್ತಾ?

ಎಲ್ಲರೂ ತಲೆ ಆಡಿಸಿದರು. ಆಮೇಲೆ ಹಲಗೆ ಹುಡುಗ ಮೆಲ್ಲಗೆ ಕೇಳಿದ: "ಹಂಗಾರ ಸ್ಪೀಡ್ ಸ್ವಲ್ಪ ಜಾಸ್ತಿ ಮಾಡಿದ್ರ?"

ಸ್ಪೀಡ್ ಏರಿಸಿದರೂ ಅಷ್ಟೇ, ಶ್ರುತಿ ಇಳಿಸಿದರೂ ಅಷ್ಟೇ. ಮೇಲೆ ನಾಲ್ಕು ಹಲಗೆ ಬಡಿದರೂ ಅಡಿಯಲ್ಲಿರುವುದು ಅವರ ಸದ್ದೇ. ಅದೇ ಪದವನ್ನು ನಿಮ್ಮ ಪೇಟಿ, ನಿಮ್ಮ ತಾಳ ಇಟ್ಟುಕೊಂಡು ಹಾಡಿ, ಆ ಸದ್ದು ನಿಮ್ಮದು. ಕುಮಾರರಾಮನ ಕಥೆ ಯಾರು ಬೇಕಾದರೂ ಹೇಳಬಹುದು, ಅವನ ಕೋಟೆ ಕುಮ್ಮಟದುರ್ಗ ಇಲ್ಲೇ ಇದೆ. 2014ರಲ್ಲಿ ತೀರಿಕೊಂಡ ಬುರ್ರಕಥೆಯ ದರೋಜಿ ಈರಮ್ಮ ಹೇಳಿದ್ದೂ ಅದೇ ಕಥೆ. ಆದರೆ ಅವರ ದನಿಯ ರೆಕಾರ್ಡಿಂಗ್ ಕತ್ತರಿಸಿ ನಿಮ್ಮ ಆಲ್ಬಮ್ಮಿಗೆ ಅಂಟಿಸಿದರೆ ಅದು ಬೇರೆಯೇ ಮಾತು.

ನಾನು ವಕೀಲನಲ್ಲ. ಜನಪದ ಅಂದುಕೊಂಡ ಎಷ್ಟೋ ಹಾಡು ಯಾರೋ ಕವಿ ಬರೆದದ್ದಾಗಿರುತ್ತದೆ, ವಿಚಾರಿಸಿ. ಕ್ಲೇಮ್ ಬಂದರೆ ಸಾಮಾನ್ಯವಾಗಿ ದುಡ್ಡು ಮಾತ್ರ ಹೋಗುತ್ತದೆ. ಸ್ಟ್ರೈಕ್, ಅಂದರೆ ಒಡೆಯರ ದೂರಿನ ಮೇಲೆ ವಿಡಿಯೊ ತೆಗೆದು ಯೂಟ್ಯೂಬ್ ಕೊಡುವ ಎಚ್ಚರಿಕೆ, ಹಾಗಲ್ಲ. 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು.

ಇನ್ನೊಂದು ಕಡೆಯಿಂದಲೂ ಏಟು ಬೀಳುತ್ತದೆ. ಊರಿನ ಯಾರೋ ಸಾಹುಕಾರರು "ಖರ್ಚು ನಂದು, ನೀವು ಹಾಡ್ರಿ" ಅನ್ನುತ್ತಾರೆ. ಖರ್ಚು, ಜವಾಬ್ದಾರಿ ಹೊತ್ತು ಮಾಡಿಸಿದವರನ್ನೇ ಕಾಯ್ದೆ ರೆಕಾರ್ಡಿಂಗಿನ ಒಡೆಯ ಅನ್ನುತ್ತದೆ. ಹಾಡಿದವರಿಗೂ 50 ವರ್ಷದ ಹಕ್ಕಿದೆ, ಆದರೆ ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ ಅನ್ನುವುದರ ಮೇಲೆ ಕೈಗೆ ಎಷ್ಟು ಬರುತ್ತದೆ ಅನ್ನುವುದು ನಿಂತಿದೆ. ಅದಕ್ಕೇ ಮೈಕ್ ಹಚ್ಚುವ ಮೊದಲು ಕಾಗದ ಕೇಳುತ್ತೇನೆ. "ನಮ್ಮ ನಮ್ಮೊಳಗ ಕಾಗದ ಯಾಕ?" ಅಂತ ಮುನಿಸಿಕೊಳ್ಳುತ್ತಾರೆ.

ಈ ಸಲ ಕನಕಾಚಲಪತಿ ಜಾತ್ರೆ ಮುಗಿಸಿ ಅದೇ ಏಳು ಜನ ಮತ್ತೆ ಬಂದರು. ಎರಡು ಮೈಕಿನ ಸುತ್ತ ಕೂತು ಹಾಡಿದರು. ಬೇಸಿಗೆ ಬೇರೆ, ಸದ್ದಾಗುತ್ತದೆ ಅಂತ ಫ್ಯಾನ್ ಬಂದ್. ಒಂದು ಪದದ ನಡುವೆ ಹಿರಿಯರಿಗೆ ಕೆಮ್ಮು ಬಂತು, ಅದನ್ನು ನಾನು ತೆಗೆಯಲಿಲ್ಲ. ಮುಗಿದ ಮೇಲೆ ಅವರೇ ಜಾತ್ರೆಯ ಕರಪತ್ರ ತಿರುಗಿಸಿ ನನ್ನ ಮುಂದಿಟ್ಟರು. ಏಳು ಹೆಸರು ಬರೆದೆ.

"ಅಜ್ಜಿ ಹೆಸರೂ ಹಾಕು."

"ಆಕೆ ಇದರಲ್ಲಿ ಹಾಡಿಲ್ಲವಲ್ಲ ಕಾಕಾ."

"ಕಲಿಸಿದಾಕಿ ಆಕಿ ಅಲ್ಲೇನು?"

ಕೆಳಗೆ, ಪದ ಕಲಿಸಿದವರು ಅಂತ ಬರೆದೆ. ಪಾಲು ಮಾತ್ರ ಏಳೇ ಅಂತ ಅವರೇ ಬರೆಸಿದರು.