ಮೊದಲ ಸಾಲನ್ನ ಮೊದಲೇ ಬರೀಬೇಡಿ

"ಇಂದಿನ ಆಧುನಿಕ ಯುಗದಲ್ಲಿ" ಅಂತ ಶುರುವಾಗೋ ಪ್ರಬಂಧ ಕೈಗೆ ಬಂತು ಅಂದ್ರೆ ಮುಂದಿನ ಎರಡು ಸಾಲು ಏನಿರುತ್ತೆ ಅಂತ ಓದದೇನೇ ಹೇಳಬಹುದು. ತಂತ್ರಜ್ಞಾನ ತುಂಬಾ ಮುಂದುವರಿದಿದೆ, ನಾಣ್ಯಕ್ಕೆ ಎರಡು ಮುಖಗಳಿರುವಂತೆ ಇದಕ್ಕೂ ಅನುಕೂಲ ಅನಾನುಕೂಲಗಳಿವೆ. ವಿಷಯ ಶಾಲೆಯಲ್ಲಿ ಮೊಬೈಲ್ ಆಗಿರಲಿ, ಮರಣದಂಡನೆ ಆಗಿರಲಿ, ಪ್ರಾಣಿಗಳ ಮೇಲೆ ಔಷಧಿ ಪ್ರಯೋಗ ಆಗಿರಲಿ, ಅದೇ ನಾಣ್ಯ, ಅದೇ ಎರಡು ಮುಖ. ವಾದ ಮಂಡಿಸೋ ಪ್ರಬಂಧಗಳನ್ನ ತಿದ್ದೋದು, ಬರೆಯೋದು ಕಲಿಸೋದು ನನ್ನ ಕೆಲಸ, ಹಾಗಾಗಿ ಇದು ದಿನಾ ಕಣ್ಣಿಗೆ ಬೀಳುತ್ತೆ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಹತ್ರ ಹೇಳೋಕೆ ವಿಷಯ ಇರುತ್ತೆ, ಮೂರನೇ ಪ್ಯಾರಾಗೆ ಬರೋ ಹೊತ್ತಿಗೆ ಎಷ್ಟೋ ಸಲ ನಾನೇ ಯೋಚಿಸಿರದ ಚುರುಕಾದ ಪಾಯಿಂಟ್ ಒಂದು ಸಿಗುತ್ತೆ. ಬೇಜಾರಾಗೋದು ಅವರಿಗೆ ಎಲ್ಲರೂ ಕೊಡೋ ಒಂದು ಸಲಹೆ ಬಗ್ಗೆ: ಬರೆಯೋಕೆ ಕೂರೋ ಮುಂಚೆ ಒಂದು ಒಳ್ಳೆ ಹುಕ್, ಅಂದ್ರೆ ಓದೋರನ್ನ ಹಿಡಿದು ಎಳೆಯೋ ಶುರು, ಹುಡುಕ್ಕೊ, ಓದೋರು ಬೀಳಬೇಕು.

ಈ ಮಾತು ಕೇಳಿದ ಮಗು ಏನು ಮಾಡುತ್ತೆ? ವಿಷಯ ಬಿಟ್ಟು ಹುಕ್ ಹುಡುಕೋಕೆ ಹೋಗುತ್ತೆ. ಒಂದು ಕೋಟ್, ಒಂದು ಗಾದೆ, ಒಂದು ಅಂಕಿಅಂಶ, ಇಲ್ಲ ಅಂದ್ರೆ "ನೀವು ಎಂದಾದರೂ ಯೋಚಿಸಿದ್ದೀರಾ?" ಅನ್ನೋ ಪ್ರಶ್ನೆ. ಅದನ್ನ ತಂದು ಮೇಲೆ ಅಂಟಿಸಿ, ಕೆಳಗೆ ತನ್ನ ಪ್ರಬಂಧ ಬರೆಯುತ್ತೆ. ಎರಡಕ್ಕೂ ಸಂಬಂಧ ಇರಲ್ಲ. ಮೊಬೈಲ್ ಬಗ್ಗೆ ಬರೆಯೋರಲ್ಲಿ ಅರ್ಧ ಜನ "ಅತಿಯಾದರೆ ಅಮೃತವೂ ವಿಷ" ಅಂತ ಶುರು ಮಾಡ್ತಾರೆ, ಗಾದೆ ಚೆನ್ನಾಗೇ ಇದೆ, ಆದ್ರೆ ಅವರ ವಾದ ಏನು ಅಂತ ನೋಡಿದ್ರೆ ಶಾಲೆಯೊಳಗೆ ಮೊಬೈಲ್ ಪೂರ್ತಿ ನಿಷೇಧ ಆಗಬೇಕು ಅಂತ. ಗಾದೆ ಹೇಳೋದು ಮಿತವಾಗಿರಲಿ ಅಂತ, ಪ್ರಬಂಧ ಹೇಳೋದು ಬೇಡವೇ ಬೇಡ ಅಂತ. ಮೊದಲ ಸಾಲೇ ಎದುರು ಪಕ್ಷದವರ ಪರವಾಗಿ ಮಾತಾಡ್ತಿದೆ ಅನ್ನೋದು ಬರೆದವರ ಗಮನಕ್ಕೇ ಬಂದಿರಲ್ಲ.

ನಾನು ಮತ್ತೆ ಮತ್ತೆ ಹೇಳೋ ಮಾತು ಒಂದೇ. ಹುಕ್ ಹುಟ್ಟಬೇಕಾದ್ದು ನಿಮ್ಮ ವಾದದಿಂದ. ವಾದ ಇನ್ನೂ ಗಟ್ಟಿಯಾಗದೇ ಇದ್ದಾಗ ಹುಕ್ ಹುಡುಕೋಕೆ ಹೋದ್ರೆ ಸಿಗೋದು ಯಾರದೋ ಪ್ರಬಂಧದ ಹುಕ್ಕೇ.

ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜನ ಎಡವೋದು ಇಲ್ಲೇ. ವಾದದ ಪ್ರಬಂಧ ಅನ್ನೋದು ಯಾಕೆ ಇದೆ? ಯಾರೋ ಒಪ್ಪದೇ ಇರೋರು ಇದ್ದಾರೆ ಅಂತ ಇದೆ. ಎಲ್ಲರೂ ಒಪ್ಪೋದಾದ್ರೆ ಬರೆಯೋ ಅಗತ್ಯವೇ ಇರ್ತಿರಲಿಲ್ಲ. ಹಾಗಾದ್ರೆ ಮೊದಲ ಎರಡು ಮೂರು ವಾಕ್ಯ ಮಾಡಬೇಕಾದ ಕೆಲಸ, ಇಲ್ಲೊಂದು ತಕರಾರಿದೆ, ಅದು ಇನ್ನೂ ಬಗೆಹರಿದಿಲ್ಲ, ಅದರಿಂದ ಯಾರಿಗೋ ಏನೋ ಆಗ್ತಿದೆ ಅಂತ ಓದೋರಿಗೆ ಅನ್ನಿಸೋ ಹಾಗೆ ಮಾಡೋದು. ಬೆರಗು, ಕುತೂಹಲ ಎಲ್ಲಾ ಅದರ ಹಿಂದೆ ತಾನಾಗೇ ಬರುತ್ತೆ. ಮೊದಲ ವಾಕ್ಯ ಎಷ್ಟೇ ಚಂದ ಇದ್ದರೂ ತಕರಾರು ಎಲ್ಲಿದೆ ಅಂತ ಅದು ತೋರಿಸದಿದ್ರೆ, ಎರಡನೇ ಪ್ಯಾರಾದಲ್ಲಿ ಓದೋರು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ.

ಮೊನ್ನೆ ಒಬ್ಬ ಹುಡುಗಿ ಹೋಮ್‌ವರ್ಕ್ ಬೇಡ ಅಂತ ಪ್ರಬಂಧ ತಂದಿದ್ದಳು. ಮೊದಲ ಸಾಲಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ದೊಡ್ಡವರೊಬ್ಬರ ಮಾತು, ಎರಡನೇ ಸಾಲಲ್ಲಿ "ಆದರೆ ಇಂದಿನ ಮಕ್ಕಳು ಒತ್ತಡದಲ್ಲಿದ್ದಾರೆ". ಓದಿ ಕೆಳಗಿಟ್ಟು ಕೇಳಿದೆ, ನಿನಗೆ ಯಾಕಮ್ಮ ಹೋಮ್‌ವರ್ಕ್ ಬೇಡ? ಅವಳು, "ನನಗೆ ಪರವಾಗಿಲ್ಲ ಮೇಡಂ, ನನ್ನ ತಮ್ಮಂಗೆ ಬೇಡ" ಅಂದಳು. ಯಾಕೆ ಅಂದ್ರೆ, "ಅವನು ಎರಡನೇ ಕ್ಲಾಸು, ಅವನ ಹೋಮ್‌ವರ್ಕ್ ಎಲ್ಲಾ ನಮ್ಮಮ್ಮನೇ ಮಾಡೋದು, ಅವನು ಪಕ್ಕದಲ್ಲಿ ನಿದ್ದೆ ಮಾಡ್ತಿರ್ತಾನೆ, ಬೆಳಿಗ್ಗೆ ಸ್ಟಾರ್ ಮಾತ್ರ ಅವನಿಗೆ ಬರುತ್ತೆ."

ಇದನ್ನ ಯಾಕೆ ಬರೆದಿಲ್ಲ ಅಂತ ಕೇಳಿದ್ರೆ, "ಇದನ್ನೆಲ್ಲಾ ಪ್ರಬಂಧದಲ್ಲಿ ಬರೀಬಹುದಾ?" ಅಂದಳು.

ಬರೀಬಹುದು, ಬರೀಲೇಬೇಕು. ಅವಳ ವಾದದ ಜೀವ ಇರೋದೇ ಅಲ್ಲಿ. ಆ ಮಾತು ಬಾಯಿಂದ ಬಂದ ತಕ್ಷಣ ಅವಳ ವಾದವೇ ಬದಲಾಯ್ತು, ಇದನ್ನ ಗಮನಿಸಿ. "ಹೋಮ್‌ವರ್ಕ್ ಬೇಡ" ಅನ್ನೋದು ಹೋಗಿ "ಚಿಕ್ಕ ಕ್ಲಾಸಿನ ಮಕ್ಕಳಿಗೆ ಹೋಮ್‌ವರ್ಕ್ ಕೊಟ್ರೆ ಅದು ಮಕ್ಕಳ ಕಲಿಕೆ ಅಳೆಯಲ್ಲ, ಮನೆಯವರ ಬಿಡುವು ಅಳೆಯುತ್ತೆ" ಅಂತಾಯ್ತು. ಇದು ಸಾಧಿಸಿ ತೋರಿಸಬಹುದಾದ ಮಾತು. ಸಂಶೋಧನೆಯೂ ಅವಳ ಕೈಬಿಡಲ್ಲ. ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತವರ ತಂಡ 2006ರಲ್ಲಿ ಅದಕ್ಕೂ ಹಿಂದಿನ ಹಲವು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ, ಹೋಮ್‌ವರ್ಕಿಗೂ ಕಲಿಕೆಯ ಫಲಿತಾಂಶಕ್ಕೂ ಇರೋ ನಂಟು 7ರಿಂದ 12ನೇ ತರಗತಿಯವರಲ್ಲಿ ಗಟ್ಟಿಯಾಗಿ, 6ರವರೆಗಿನ ಮಕ್ಕಳಲ್ಲಿ ದುರ್ಬಲವಾಗಿ ಕಂಡಿತ್ತು. ಹೋಮ್‌ವರ್ಕ್ ಯಾರಿಗೂ ಬೇಡ ಅಂತ ಬರೆದಿದ್ರೆ ಇದೇ ಅಧ್ಯಯನ ಅವಳಿಗೆ ತಿರುಗುಬಾಣ ಆಗ್ತಿತ್ತು. ಕೊನೆಗೆ ಅವಳು ಬರೆದ ಶುರು ಹೀಗಿತ್ತು: "ನನ್ನ ತಮ್ಮ ಎರಡನೇ ತರಗತಿ. ಅವನ ಹೋಮ್‌ವರ್ಕ್ ಪುಸ್ತಕದಲ್ಲಿ ಇಪ್ಪತ್ತು ಸ್ಟಾರ್ ಇವೆ, ಇಪ್ಪತ್ತೂ ನಮ್ಮಮ್ಮನಿಗೆ ಸೇರಬೇಕಾದ್ದು." ಇದರಲ್ಲಿ ಅಲಂಕಾರ ಇಲ್ಲ, ದೊಡ್ಡವರ ಮಾತಿಲ್ಲ, ಆದ್ರೂ ತಕರಾರು ಏನು ಅಂತ ಮೊದಲ ಉಸಿರಿಗೇ ಗೊತ್ತಾಗುತ್ತೆ.

ಸ್ವಂತ ಅನುಭವ ಬರೆಯೋಕೆ ಕೆಲವು ಕಡೆ ಬಿಡಲ್ಲ, "ನಾನು" ಅನ್ನೋ ಪದವೇ ಬರಬಾರದು ಅನ್ನೋ ನಿಯಮ ಇರುತ್ತೆ. ಇದ್ರೆ ಅದನ್ನೇ ಪಾಲಿಸಿ, ಅಂಕ ಕೊಡೋರು ಅವರು. ಆಗಲೂ "ಎರಡನೇ ತರಗತಿಯ ಮಗುವಿನ ಹೋಮ್‌ವರ್ಕನ್ನ ತಾಯಿ ಮಾಡಿದರೆ, ಶಿಕ್ಷಕರು ತಿದ್ದುತ್ತಿರುವುದು ಯಾರ ಬರಹವನ್ನು?" ಅಂತ ಅದೇ ಮಾತನ್ನ ಬರೀಬಹುದಲ್ಲ.

ಪ್ರಶ್ನೆ ವಿಷಯ ಬಂತು, ಅದನ್ನೂ ಹೇಳಿಬಿಡ್ತೀನಿ. "ನೀವು ಎಂದಾದರೂ ಪರಿಸರ ಮಾಲಿನ್ಯದ ಬಗ್ಗೆ ಯೋಚಿಸಿದ್ದೀರಾ?" ಅಂದ್ರೆ ಓದೋರು ಹೌದು ಅಂತಲೋ ಇಲ್ಲ ಅಂತಲೋ ಅಂದು ಸುಮ್ಮನಾಗ್ತಾರೆ, ಮುಂದೆ ಹೋಗೋಕೆ ಕಾರಣ ಸಿಗಲ್ಲ. ಪ್ರಶ್ನೆ ಕೆಲಸ ಮಾಡೋದು ಅದಕ್ಕೆ ಸುಲಭದ ಉತ್ತರ ಒಂದಿದ್ದು, ಆ ಉತ್ತರ ಕೊಟ್ಟ ಮೇಲೆ ಓದೋರಿಗೇ ಒಂಚೂರು ಇರಿಸುಮುರಿಸು ಆದಾಗ.

ಅಂಕಿಅಂಶ ಮತ್ತು ಕೋಟ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೊಬೈಲ್ ಪ್ರಬಂಧಗಳಲ್ಲಿ ಪದೇ ಪದೇ ಬರೋ ಒಂದು ಹುಕ್ ಇದೆ: ಮನುಷ್ಯನ ಗಮನ ಈಗ 8 ಸೆಕೆಂಡ್ ಮಾತ್ರ, ಗೋಲ್ಡ್‌ಫಿಶ್ ಮೀನಿಂದು 9 ಸೆಕೆಂಡ್. ಕೇಳೋಕೆ ಮಜವಾಗಿದೆ. 2015ರಲ್ಲಿ ಮೈಕ್ರೋಸಾಫ್ಟ್ ಕೆನಡಾದ ಒಂದು ಮಾರ್ಕೆಟಿಂಗ್ ವರದಿಯಲ್ಲಿ ಬಂದು ಪತ್ರಿಕೆಗಳಲ್ಲೆಲ್ಲಾ ಹರಡಿದ ಮಾತು ಅದು, ಹಿಂದೆ ಹುಡುಕಿಕೊಂಡು ಹೋದ್ರೆ ಅದನ್ನ ಅಳೆದು ತೋರಿಸಿದ ಗಟ್ಟಿ ಸಂಶೋಧನೆ ಸಿಗಲ್ಲ. ವಾಕ್‌ಸ್ವಾತಂತ್ರ್ಯದ ಪ್ರಬಂಧ ಅಂದ್ರೆ ಫ್ರೆಂಚ್ ಚಿಂತಕ ವೋಲ್ಟೇರ್ ಬರ್ತಾನೆ, ನಿನ್ನ ಮಾತನ್ನ ನಾನು ಒಪ್ಪಲ್ಲ ಆದ್ರೆ ಅದನ್ನ ಹೇಳೋ ನಿನ್ನ ಹಕ್ಕನ್ನ ಪ್ರಾಣ ಇರೋವರೆಗೂ ಕಾಪಾಡ್ತೀನಿ ಅಂತ. ಆ ವಾಕ್ಯ ವೋಲ್ಟೇರ್ ಬರೆದದ್ದಲ್ಲ, ಅವನ ಮನೋಭಾವ ಹೀಗಿತ್ತು ಅಂತ 1906ರಲ್ಲಿ ಎವೆಲಿನ್ ಬಿಯಾಟ್ರಿಸ್ ಹಾಲ್ ಅನ್ನೋ ಲೇಖಕಿ ತನ್ನ ಮಾತಲ್ಲಿ ಬರೆದದ್ದು. ತಿಳಿದಿರೋ ಪರೀಕ್ಷಕರ ಕೈಗೆ ಸಿಕ್ರೆ ಮೊದಲ ಸಾಲಲ್ಲೇ ನಿಮ್ಮ ಮೇಲಿನ ನಂಬಿಕೆ ಹೋಯ್ತು, ಆಮೇಲೆ ನೀವು ಕೊಡೋ ನಿಜವಾದ ಪುರಾವೆಯನ್ನೂ ಅವರು ಅನುಮಾನದಿಂದಲೇ ಓದ್ತಾರೆ. ಮೂಲ ನಿಮ್ಮ ಕಣ್ಣಾರೆ ನೋಡಿಲ್ಲ ಅಂದ್ರೆ ಅದನ್ನ ಮೊದಲ ಸಾಲಿಗೆ ತರಬೇಡಿ, ಇದರಲ್ಲಿ ನಾನು ರಾಜಿ ಆಗಲ್ಲ.

ನಿಜವಾದ ಅಂಕಿಅಂಶ ಸಿಕ್ಕರೂ ಅದು ತನ್ನಷ್ಟಕ್ಕೆ ಹುಕ್ ಆಗಲ್ಲ. ಆಸ್ಟ್ರಿಯಾ 2007ರಲ್ಲಿ ಮತದಾನದ ವಯಸ್ಸನ್ನ 16ಕ್ಕೆ ಇಳಿಸ್ತು. ಇದನ್ನ ಪರವಾಗಿ ಬರೆಯೋರೂ ಮೊದಲ ಸಾಲಲ್ಲಿ ಹಾಕ್ತಾರೆ, ವಿರೋಧವಾಗಿ ಬರೆಯೋರೂ ಹಾಕ್ತಾರೆ. ಯಾವ ಕಡೆಗೆ ಎಳೀತಿದ್ದೀರಿ ಅಂತ ಹೇಳೋದು ಅದರ ಮುಂದಿನ ವಾಕ್ಯ, ಮಕ್ಕಳು ಬಿಟ್ಟೇ ಬಿಡೋದು ಆ ವಾಕ್ಯವನ್ನೇ. ಹುಕ್ ಆಯ್ತು, ಧಡಕ್ಕನೆ ಮುಖ್ಯ ವಾದ ಬಂತು, ನಡುವೆ ಸೇತುವೆ ಇಲ್ಲ.

ಒಂದು ಉದಾಹರಣೆ ಬರೆದೇ ತೋರಿಸ್ತೀನಿ. ಹೈಸ್ಕೂಲ್ ತಡವಾಗಿ ಶುರುವಾಗಬೇಕು ಅನ್ನೋದು ವಾದ. "ಹೈಸ್ಕೂಲ್‌ಗಳು ಬೆಳಿಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿತ್ತು. ಅದನ್ನು ಕಾನೂನು ಮಾಡಿ ಜಾರಿಗೆ ತರಲು ಕ್ಯಾಲಿಫೋರ್ನಿಯಾಕ್ಕೆ 2022ರವರೆಗೆ ಬೇಕಾಯಿತು. ಎಂಟು ವರ್ಷ ಅಡ್ಡ ನಿಂತದ್ದು ಮಕ್ಕಳ ನಿದ್ದೆಯ ಬಗೆಗಿನ ಅನುಮಾನಕ್ಕಿಂತ ಹೆಚ್ಚಾಗಿ ಶಾಲಾ ಬಸ್ಸು ಮತ್ತು ಪೋಷಕರ ಕೆಲಸದ ವೇಳೆ. ಹದಿಹರೆಯದವರ ದೇಹ ತಡವಾಗಿ ಎದ್ದೇಳಲು ಕೇಳುವಾಗ ಬದಲಾಗಬೇಕಾದ್ದು ವೇಳಾಪಟ್ಟಿ." ಮೊದಲೆರಡು ವಾಕ್ಯ ಹುಕ್. ಮೂರನೆಯದು ಸೇತುವೆ, ಅದು ತಕರಾರು ಎಲ್ಲಿದೆ ಅಂತ ಬೆರಳು ತೋರಿಸುತ್ತೆ, ನಾಲ್ಕನೆಯದು ವಾದ. ಬಸ್ಸು, ಪೋಷಕರು ಅಂತ ಒಮ್ಮೆ ಹೇಳಿದ ಮೇಲೆ ಒಳಗಿನ ಪ್ಯಾರಾಗಳಲ್ಲಿ ಅದಕ್ಕೆ ಉತ್ತರ ಕೊಡಲೇಬೇಕು, ಬಸ್ಸಿನ ತೊಂದರೆಯೇ ದೊಡ್ಡದು ಅಂತ ಪುರಾವೆ ಕೊಡಬೇಕು, ಕೊಡದಿದ್ರೆ ಹುಕ್ ಸುಳ್ಳಾಗುತ್ತೆ. ಹುಕ್ ಅಂದ್ರೆ ಓದೋರಿಗೆ ಕೊಟ್ಟ ಮಾತು ಅಂತ ನಾನು ಹೇಳೋದು ಇದಕ್ಕೇ.

ಇನ್ನೊಂದು, ಒಪ್ಪದೇ ಇರೋರನ್ನ ಮೊದಲ ಸಾಲಲ್ಲೇ ಬೈಯ್ಯಬೇಡಿ. "ಮಕ್ಕಳ ಮೇಲೆ ಕರುಣೆಯಿಲ್ಲದ ಶಿಕ್ಷಕರು" ಅಂತ ಶುರು ಮಾಡಿದ್ರೆ ಪ್ರಬಂಧ ಓದ್ತಿರೋದೇ ಒಬ್ಬ ಶಿಕ್ಷಕಿ ಅನ್ನೋದು ನೆನಪಿರಲಿ.

ಹಾಗಾದ್ರೆ ಹುಕ್ ಯಾವಾಗ ಬರೀಬೇಕು? ಎಲ್ಲಾ ಆದ ಮೇಲೆ. ಇದು ನನ್ನ ಹೊಸ ಸಂಶೋಧನೆ ಏನಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೊ, ಕೋರ್ಟಿನಲ್ಲಿ ವಾದ ಮಾಡಿ ಹೆಸರು ಮಾಡಿದವನು, ಭಾಷಣಕಲೆ ಬಗ್ಗೆ ಬರೆಯುವಾಗ ಹಿರಿಯ ವಕೀಲನೊಬ್ಬನ ಬಾಯಲ್ಲಿ ಇದನ್ನೇ ಹೇಳಿಸ್ತಾನೆ: ಮೊದಲು ಹೇಳಬೇಕಾದ್ದನ್ನ ನಾನು ಕೊನೆಗೆ ಯೋಚಿಸ್ತೀನಿ, ಮೊದಲೇ ಹುಡುಕೋಕೆ ಹೋದಾಗಲೆಲ್ಲಾ ಸಪ್ಪೆಯಾದ, ಎಲ್ಲಿ ಬೇಕಾದ್ರೂ ಹೊಂದೋ ಮಾತೇ ಸಿಕ್ಕಿದ್ದು ಅಂತ. "ಇಂದಿನ ಆಧುನಿಕ ಯುಗ"ದ ರೋಗ ಅಷ್ಟು ಹಳೇದು. ಅವನಾದ ಮೇಲೆ ಬಂದ ಕ್ವಿಂಟಿಲಿಯನ್ ಅನ್ನೋ ಗುರು ಇದನ್ನ ಒಪ್ಪಲಿಲ್ಲ, ಸಾಮಗ್ರಿ ಎಲ್ಲಾ ಮೊದಲೇ ಜೋಡಿಸ್ಕೊಳ್ಳಿ, ಆದ್ರೆ ಬರೆಯೋದು ಮಾತ್ರ ಶುರುವಿಂದಲೇ ಆಗಬೇಕು ಅಂದ. ಕೆಲವು ಮಕ್ಕಳಿಗೆ ಅದೇ ಹೊಂದುತ್ತೆ, ಮೊದಲ ವಾಕ್ಯ ಇಲ್ಲದೆ ಅವರ ಕೈ ಓಡಲ್ಲ. ಅಂಥವರಿಗೆ ನಾನು ಒತ್ತಾಯ ಮಾಡಲ್ಲ, ಏನೋ ಒಂದು ಬರೆದುಕೊಂಡು ಮುಂದೆ ಹೋಗಿ, ವಾಪಸ್ ಬಂದು ಅದನ್ನ ಹೊಡೆದುಹಾಕೋ ಧೈರ್ಯ ಇಟ್ಕೊಳ್ಳಿ ಅಂತೀನಿ. ವಾದ ಪೂರ್ತಿ ಗೊತ್ತಾಗೋ ಮುಂಚೆ ಒಳ್ಳೆ ಶುರು ಸಿಗಲ್ಲ ಅನ್ನೋದನ್ನ ಇಬ್ಬರೂ ಒಪ್ತಾರೆ.

ವಾಪಸ್ ಬಂದಾಗ ಒಂದು ಪರೀಕ್ಷೆ ಮಾಡಿ. ಶೀರ್ಷಿಕೆ ಮುಚ್ಚಿ ಮೊದಲ ಎರಡು ವಾಕ್ಯವನ್ನ ಗೆಳೆಯರಿಗೋ ಮನೆಯವರಿಗೋ ಓದಿ ಹೇಳಿ, ಜಗಳ ಯಾವುದರ ಬಗ್ಗೆ ಅಂತ ಕೇಳಿ. ನೀವು ಯಾವ ಪಕ್ಷ ಅಂತ ಅವರಿಗೆ ಗೊತ್ತಾಗದಿದ್ರೂ ಚಿಂತೆಯಿಲ್ಲ, ಜಗಳ ಯಾವುದು ಅಂತ ಗೊತ್ತಾಗಬೇಕು. "ಏನೋ ಶಿಕ್ಷಣದ ಬಗ್ಗೆ" ಅಂತ ಅಂದ್ರೆ ಮತ್ತೆ ಬರೀರಿ. ಬರೆಯೋಕೆ ಏನೂ ಹೊಳೀತಿಲ್ಲ ಅಂದ್ರೆ ನಿಮ್ಮ ಪ್ರಬಂಧದ ಮೂರನೇ, ನಾಲ್ಕನೇ ಪ್ಯಾರಾ ಓದಿ. ನನ್ನ ಅನುಭವದಲ್ಲಿ ಒಳ್ಳೆ ಹುಕ್ ಬಹಳ ಸಲ ಅಲ್ಲೇ ಯಾವುದೋ ಉದಾಹರಣೆಯ ಒಳಗೆ ಸಿಕ್ಕಿಹಾಕ್ಕೊಂಡಿರುತ್ತೆ, ಬರೆಯೋರು ಬಿಸಿಯಾದ ಮೇಲೆ ಬಂದ ವಾಕ್ಯ ಅದು. ಅದನ್ನ ಎತ್ತಿ ಮೇಲಕ್ಕೆ ತನ್ನಿ. ಚಾಟ್‌ಬಾಟ್ ಹತ್ರ ಐದು ಹುಕ್ ಕೊಡು ಅಂತ ಕೇಳೋ ಮಕ್ಕಳಿಗೂ ನಾನು ಇದನ್ನೇ ಹೇಳೋದು, ತಮ್ಮನ ಸ್ಟಾರ್ ವಿಷಯ ನೀವು ಹೇಳದೇ ಅದಕ್ಕೆ ಗೊತ್ತಾಗಲ್ಲ.

ಪರೀಕ್ಷೆ ಹಾಲ್‌ನಲ್ಲಿ ಇದಕ್ಕೆಲ್ಲಾ ಟೈಮ್ ಎಲ್ಲಿ ಅಂತ ಕೇಳ್ತಾರೆ, ನ್ಯಾಯವಾದ ಪ್ರಶ್ನೆ. ಅಲ್ಲಿ ಮೇಲೆ ನಾಲ್ಕೈದು ಗೆರೆ ಖಾಲಿ ಬಿಡಿ, ನಿಮ್ಮ ವಾದವನ್ನ ಒಂದೇ ವಾಕ್ಯದಲ್ಲಿ ಬರೆದು ಅಲ್ಲಿಂದ ಮುಂದಕ್ಕೆ ಹೋಗಿ, ಕೊನೆಯ ಐದು ನಿಮಿಷದಲ್ಲಿ ವಾಪಸ್ ಬಂದು ಖಾಲಿ ಜಾಗ ತುಂಬಿ. ಆಗಲೂ ಏನೂ ತೋಚಲಿಲ್ಲ ಅಂದ್ರೆ ನಿಮ್ಮ ವಾದಕ್ಕೆ ಒಪ್ಪದವರು ಹೇಳೋ ಅತಿ ಬಲವಾದ ಮಾತನ್ನ ಎರಡು ಸಾಲಲ್ಲಿ ಪ್ರಾಮಾಣಿಕವಾಗಿ ಬರೆದು, "ಆದರೂ" ಅಂತ ನಿಮ್ಮ ವಾಕ್ಯಕ್ಕೆ ಜೋಡಿಸಿ. ನಾನು ನೋಡಿರೋ ಮಟ್ಟಿಗೆ ಪರೀಕ್ಷಕರು ಇದಕ್ಕೆ ಅಂಕ ಕಡಿಮೆ ಮಾಡೋದು ಅಪರೂಪ.