ಆರ್‌ಟಿಕೆಲಿಬ್ ಇದ್ದರೆ ತೋಟದ ಅಳತೆ ಸರಿಯಾಗಿ ಬರುತ್ತಾ?

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮದು ಮಾವಿನ ತೋಟ. ಫೋನ್ ಹಿಡಿದು ಸುತ್ತು ಹಾಕಿ ಅಳೆದರೆ ಒಂದೊಂದು ಸಲ ಒಂದೊಂದು ವಿಸ್ತೀರ್ಣ ತೋರಿಸುತ್ತದೆ. ಆರ್‌ಟಿಕೆಲಿಬ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ಸಿಗುತ್ತದಂತೆ. ನಿಜವಾ?

ಉತ್ತರ: ನಿಜ. ಆದರೆ ಫೋನಿನಿಂದ ಆ ಕೆಲಸ ಆಗುವುದಿಲ್ಲ.

ಬಯಲಲ್ಲಿ ನಿಂತರೂ ಫೋನಿನ ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ಇರುತ್ತದೆ. ಒಂದು ಎಕರೆಯ ಚೌಕದ ಜಮೀನಿಗೆ ಪ್ರತಿ ಬದಿ ಸುಮಾರು 64 ಮೀಟರ್. ಅದರಲ್ಲಿ ಒಂದು ಬದಿ 4 ಮೀಟರ್ ಸರಿದು ಕೂತರೂ ಎರಡೂವರೆ ಗುಂಟೆ ಹೆಚ್ಚುಕಡಿಮೆ ಆಯಿತು. ನಮ್ಮ ಕಡೆ ಅರ್ಧ ಗುಂಟೆಗೇ ಮಾತು ಬಿಟ್ಟವರಿದ್ದಾರೆ, ಅಲ್ವಾ?

ಆರ್‌ಟಿಕೆಲಿಬ್ ಬರೆದವರು ಜಪಾನಿನ ತೊಮೊಜಿ ತಕಾಸು. ಅದರ ಕೋಡ್ ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಬಹುದು. ಹಾಗೆ ತಿದ್ದಿದ್ದರಲ್ಲಿ ಡೆಮೊ5 ಅನ್ನೋ ಆವೃತ್ತಿ ಕಡಿಮೆ ಬೆಲೆಯ ರಿಸೀವರ್‌ಗಳಿಗೆ, ಅಂದರೆ ಉಪಗ್ರಹದ ಸಂಕೇತ ಹಿಡಿಯುವ ಉಪಕರಣಗಳಿಗೆ, ಚೆನ್ನಾಗಿ ಹೊಂದುತ್ತದೆ. ನೀವು ಅದನ್ನೇ ಇಳಿಸಿಕೊಳ್ಳಿ.

ಸೆಂಟಿಮೀಟರ್ ಎಲ್ಲಿಂದ ಬರುತ್ತದೆ? ಜಿಪಿಎಸ್ ಉಪಗ್ರಹದ ಎಲ್1 ರೇಡಿಯೋ ಅಲೆಯ ಉದ್ದ ಸುಮಾರು 19 ಸೆಂ.ಮೀ. ಅಲೆಯ ಯಾವ ಭಾಗ ತನ್ನನ್ನು ಮುಟ್ಟಿತು ಅನ್ನುವುದನ್ನು ಒಳ್ಳೆಯ ರಿಸೀವರ್ ಮಿಲಿಮೀಟರ್ ಮಟ್ಟದಲ್ಲಿ ಹೇಳಬಲ್ಲದು. ಅಲ್ಲಿಂದ ಇಲ್ಲಿಗೆ ಒಟ್ಟು ಎಷ್ಟು ಅಲೆ ಅನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ. ಗೆರೆಗಳೆಲ್ಲ ಇದ್ದು ನಂಬರ್ ಮಾತ್ರ ಅಳಿಸಿಹೋದ ಟೇಪ್ ಇದ್ದ ಹಾಗೆ. ಆ ನಂಬರ್ ಕಂಡುಹಿಡಿಯುವುದೇ ಆರ್‌ಟಿಕೆಲಿಬ್‌ನ ಅಸಲಿ ಕೆಲಸ. ಸಿಕ್ಕಿದರೆ 'ಫಿಕ್ಸ್' ಎಂದು ಹಸಿರು ಚುಕ್ಕೆ ಬರುತ್ತದೆ. ಹಳದಿ ಬಂದರೆ 'ಫ್ಲೋಟ್', ಅಂದರೆ ಇನ್ನೂ ಅಂದಾಜು. ಹಳದಿ ಚುಕ್ಕೆ ನಂಬಿ ಕಂಬ ನೆಡಬೇಡಿ.

ಇದಕ್ಕೆ ಎರಡು ರಿಸೀವರ್ ಬೇಕು. ಎರಡೂ ಒಂದೇ ಹೊತ್ತಿನಲ್ಲಿ ಅವೇ ಉಪಗ್ರಹಗಳನ್ನು ಕೇಳಿದರೆ ಉಪಗ್ರಹದ ಗಡಿಯಾರದ ದೋಷ, ಗಾಳಿಮಂಡಲದ ದೋಷ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕಳೆದರೆ ಹೋಯಿತು. ಯು-ಬ್ಲಾಕ್ಸ್ ಕಂಪನಿಯ ಝೆಡ್‌ಇಡಿ-ಎಫ್9ಪಿಯಂಥ ಎರಡು ಫ್ರೀಕ್ವೆನ್ಸಿಯ ರಿಸೀವರ್ ಸಾಕು. ಒಂದನ್ನು ಪಂಪ್‌ಹೌಸ್ ತಾರಸಿಯ ಮೇಲೆ ಅಲುಗಾಡದಂತೆ ಇಡಿ. ಇನ್ನೊಂದನ್ನು ಪ್ರತಿ ಬಾಂದು ಕಲ್ಲಿನ ಮೇಲೆ ಕೆಲವು ನಿಮಿಷ ನಿಲ್ಲಿಸಿ. ಮನೆಗೆ ಬಂದು ಎರಡೂ ರಿಸೀವರ್‌ಗಳ ಫೈಲ್‌ಗಳನ್ನು ಆರ್‌ಟಿಕೆಲಿಬ್ ಜೊತೆಗೇ ಬರುವ ಆರ್‌ಟಿಕೆಕಾನ್ವ್‌ನಲ್ಲಿ ರೈನೆಕ್ಸ್ ಅನ್ನೋ ಸಾಮಾನ್ಯ ಫೈಲ್ ರೂಪಕ್ಕೆ ಬದಲಿಸಿ, ಲೆಕ್ಕ ಹಾಕುವ ಆರ್‌ಟಿಕೆಪೋಸ್ಟ್‌ಗೆ ಕೊಡಿ. ಬಂದ ಬಿಂದುಗಳನ್ನು ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಜೋಡಿಸಿದರೆ ವಿಸ್ತೀರ್ಣ ಸಿಗುತ್ತದೆ. ಅದೂ ಉಚಿತವೇ.

ತಾರಸಿಯ ರಿಸೀವರ್‌ನ ನಿಖರ ಅಕ್ಷಾಂಶ, ರೇಖಾಂಶ ಗೊತ್ತಿಲ್ಲವಲ್ಲ ಎಂದು ಚಿಂತೆ ಬೇಡ. ಅದು ಒಂದೆರಡು ಮೀಟರ್ ತಪ್ಪಿದ್ದರೆ ಇಡೀ ನಕ್ಷೆ ಅಷ್ಟೇ ಪಕ್ಕಕ್ಕೆ ಸರಿಯುತ್ತದೆ. ಕಲ್ಲಿಂದ ಕಲ್ಲಿಗೆ ದೂರ ಬದಲಾಗುವುದಿಲ್ಲ, ವಿಸ್ತೀರ್ಣವೂ ಬದಲಾಗುವುದಿಲ್ಲ. ನಿಜವಾದ ಸ್ಥಾನವೇ ಬೇಕಿದ್ದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಅಂತರರಾಷ್ಟ್ರೀಯ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆಗಳ) ಸೇವೆಯ ಕೇಂದ್ರದ ದತ್ತಾಂಶ ಬಳಸಬಹುದು. ಆದರೆ ಅದು ನಿಮ್ಮಿಂದ 75–80 ಕಿ.ಮೀ. ದೂರ. ಅಷ್ಟು ದೂರಕ್ಕೆ ಎರಡೂ ಕಡೆಯ ಗಾಳಿಮಂಡಲ ಒಂದೇ ಇರುವುದಿಲ್ಲ. ಅದಕ್ಕೇ ತಾರಸಿಯ ರಿಸೀವರನ್ನು ಹಲವು ಗಂಟೆ ಓಡಿಸಿ, ಸ್ಟ್ಯಾಟಿಕ್ ಮೋಡ್‌ನಲ್ಲಿ, ಅಂದರೆ ರಿಸೀವರ್ ಅಲುಗಾಡಿಲ್ಲ ಎಂದು ಹಿಡಿದು, ಲೆಕ್ಕ ಹಾಕಬೇಕು. ಒಂದು ಸಲ ಮಾಡಿಟ್ಟರೆ ಸಾಕು.

ನಿಮ್ಮ ತೊಂದರೆ ಇರುವುದು ಮರದಲ್ಲಿ. ದಟ್ಟ ಮಾವಿನ ಕೆಳಗೆ ಯಾವ ಸಾಫ್ಟ್‌ವೇರ್ ಹಾಕಿದರೂ ಹಸಿರು ಚುಕ್ಕೆ ಕಷ್ಟ. ಎಲೆ ಸಂಕೇತವನ್ನು ತಿನ್ನುತ್ತದೆ, ಕೊಂಬೆ ಅದನ್ನು ಚೆದುರಿಸುತ್ತದೆ. ಕಲ್ಲು ಮರದಡಿ ಇದ್ದರೆ ಹತ್ತಿರದ ಬಯಲಲ್ಲಿ ಎರಡು ಬಿಂದು ಅಳೆದುಕೊಂಡು, ಅಲ್ಲಿಂದ ಕಲ್ಲಿಗೆ ಟೇಪ್ ಹಿಡಿಯಿರಿ. ಕತ್ತಲಾದ ಮೇಲೆ ಅಳೆಯೋಕೆ ಹೋಗಬೇಡಿ. ಭೂಮಧ್ಯರೇಖೆಗೆ ಹತ್ತಿರದ ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಅಯಾನುಮಂಡಲ (ಗಾಳಿಮಂಡಲದ ಮೇಲಿನ ವಿದ್ಯುತ್ ಕಣಗಳ ಪದರ) ಕದಡಿ, ಸಂಕೇತ ಮಿನುಗಿ ಕಡಿಯುವುದುಂಟು. ಬೆಳಗಿನ ಹೊತ್ತು ಒಳ್ಳೆಯದು.

ಬೇಲಿಗೆ ಕಲ್ಲು ಕಂಬ ಎಷ್ಟು, ಡ್ರಿಪ್ ಪೈಪ್ ಎಷ್ಟು ಎನ್ನುವುದಕ್ಕೆ ಈ ಅಳತೆ ಧಾರಾಳ ಸಾಕು. ಪಕ್ಕದವರ ಜೊತೆ ಗಡಿ ತಕರಾರಿದ್ದರೆ ಮಾತ್ರ ಇದು ನಡೆಯುವುದಿಲ್ಲ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ಕಾರಿ ಸರ್ವೇಯರನ್ನೇ ಕರೆಸಬೇಕು.