ಪಕ್ಷೇತರರು ಮತ್ತು ರಾಷ್ಟ್ರಪತಿ ಚುನಾವಣೆ: ಎರಡನೇ ಪ್ರಾಶಸ್ತ್ಯ ಕೆಲಸಕ್ಕೆ ಬಾರದಂತಾದ ಬಗೆ

ಪಕ್ಷೇತರ ಅಭ್ಯರ್ಥಿಯ ಬಲ ಏನೆಂದು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತು 1,25,876 ಮತಗಳ ಅಂತರದಲ್ಲಿ ಗೆದ್ದರು. ಹಾಗೆ ನಿಲ್ಲಲು ಪಕ್ಷೇತರರಿಗೆ ಬೇಕಾಗುವುದು ಕ್ಷೇತ್ರದ ಹತ್ತು ಮತದಾರರ ಸಹಿ, 25,000 ರೂಪಾಯಿ ಠೇವಣಿ. ಪರಿಶಿಷ್ಟರಿಗೆ ಠೇವಣಿ ಅದರಲ್ಲಿ ಅರ್ಧ. ರಾಷ್ಟ್ರಪತಿ ಚುನಾವಣೆಗೆ ಠೇವಣಿ ಇನ್ನೂ ಕಡಿಮೆ, 15,000 ರೂಪಾಯಿ. ಆದರೂ ಅಲ್ಲಿ ಪಕ್ಷದ ಆಸರೆ ಇಲ್ಲದವರು ಕಣದಲ್ಲಿ ಉಳಿದು ಮೂವತ್ತು ವರ್ಷ ದಾಟಿದೆ. ತೊಡಕು ಇರುವುದು ಸಹಿಯಲ್ಲಿ.

ಮೊದಲು ಎಣಿಕೆಯ ಲೆಕ್ಕ. ವಿಧಾನ ಪರಿಷತ್ತಿನ ದಕ್ಷಿಣ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರದ ಪದವೀಧರರಿಗೆ ಇದು ಹೊಸದಲ್ಲ. ಅಭ್ಯರ್ಥಿಗಳ ಹೆಸರಿನ ಎದುರು 1, 2, 3 ಎಂದು ಅಂಕಿ ಬರೆಯಬೇಕು. ಸಿಂಧುವಾದ ಮತಗಳ ಅರ್ಧಕ್ಕಿಂತ ಹೆಚ್ಚು ಸಿಕ್ಕವರು ಗೆದ್ದಂತೆ. ಆ ಗಡಿಗೆ ಕೋಟಾ ಎನ್ನುತ್ತಾರೆ. ಯಾರೂ ಕೋಟಾ ಮುಟ್ಟದಿದ್ದರೆ ಎಲ್ಲರಿಗಿಂತ ಕಡಿಮೆ ಪಡೆದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಎಂದು ಯಾರ ಹೆಸರಿನ ಮುಂದಿದೆಯೋ ಅವರ ಕಟ್ಟಿಗೆ ಸೇರಿಸುತ್ತಾರೆ. 2 ಬರೆಯದೇ ಬಿಟ್ಟಿದ್ದರೆ ಆ ಮತ ಅಲ್ಲಿಗೇ ನಿಂತಿತು. ಪದವೀಧರ ಕ್ಷೇತ್ರದ ಎಣಿಕೆ ರಾತ್ರಿಯೆಲ್ಲ ನಡೆಯುವುದು ಈ ಕಾರಣಕ್ಕೇ.

ರಾಷ್ಟ್ರಪತಿ ಚುನಾವಣೆಯದೂ ಇದೇ ಪದ್ಧತಿ. ಮತದಾರರು ಮಾತ್ರ ಸಂಸತ್ತಿನ ಎರಡೂ ಸದನಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು. ಪದವೀಧರರು ಆರಿಸಿ ಕಳಿಸಿದ ಪರಿಷತ್ ಸದಸ್ಯರಿಗೆ ಇಲ್ಲಿ ಮತವಿಲ್ಲ, ನಾಮಕರಣಗೊಂಡವರಿಗೂ ಇಲ್ಲ. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. 1971ರ ಜನಗಣತಿಯ ಜನಸಂಖ್ಯೆಯನ್ನು 224ರಿಂದ, ಆಮೇಲೆ 1,000ದಿಂದ ಭಾಗಿಸಿದರೆ ಈ ಅಂಕಿ ಬರುತ್ತದೆ. ಮಂಡ್ಯ ಜಿಲ್ಲೆಯ ಏಳು ಶಾಸಕರದು ಸೇರಿ 917, ಮೈಸೂರು ಜಿಲ್ಲೆಯ ಹನ್ನೊಂದು ಶಾಸಕರದು 1,441. 2022ರಲ್ಲಿ ಒಬ್ಬ ಸಂಸದರ ಮತಕ್ಕೆ 700 ಮೌಲ್ಯವಿತ್ತು. ಮತಪತ್ರದಲ್ಲಿ ಚಿಹ್ನೆ ಇರುವುದಿಲ್ಲ. ಆಯೋಗ ಕೊಟ್ಟ ಪೆನ್ನಲ್ಲೇ ಬರೆಯಬೇಕು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಟಿಕ್ ಹಾಕಿದರೆ ಅಥವಾ ಇಬ್ಬರಿಗೆ 1 ಕೊಟ್ಟರೆ ಮತ ಅಸಿಂಧು. ಪಕ್ಷಗಳು ವಿಪ್, ಅಂದರೆ ಇಂಥವರಿಗೇ ಮತ ಹಾಕಬೇಕೆಂಬ ಕಡ್ಡಾಯ ಆದೇಶ ಕೊಡುವಂತಿಲ್ಲ, ಮತದಾನ ಗುಟ್ಟಿನದು.

ವಿಪ್ ಇಲ್ಲದಿರುವುದು ಮತ್ತು 2ನೇ ಪ್ರಾಶಸ್ತ್ಯ, ಎರಡೂ ಒಟ್ಟಿಗೆ ಕೆಲಸ ಮಾಡಿದ್ದು ಒಂದೇ ಒಂದು ಸಲ, 1969ರಲ್ಲಿ.

ಅದಕ್ಕೂ ಮುಂಚಿನ ಚುನಾವಣೆಗಳದು ಹೆಚ್ಚು ಹೇಳುವಂಥದ್ದಲ್ಲ. 1952ರಲ್ಲಿ ಬಾಬು ರಾಜೇಂದ್ರ ಪ್ರಸಾದ್ ಎದುರು ಕೆ.ಟಿ. ಶಾ 92,827 ಮತ ಪಡೆದರು (ಇಲ್ಲಿಂದ ಮುಂದಿನ ರಾಷ್ಟ್ರಪತಿ ಚುನಾವಣೆಯ ಮತಗಳೆಲ್ಲ ಮೌಲ್ಯದ ಲೆಕ್ಕದವು). 1962ರಲ್ಲಿ, ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ನಿರಾಯಾಸವಾಗಿ ಗೆದ್ದರು. 1967ರಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆ ಬಿಟ್ಟುಬಂದ ಕೋಕಾ ಸುಬ್ಬರಾವ್ ವಿರೋಧ ಪಕ್ಷಗಳ ಬೆಂಬಲದಿಂದ 3,63,971 ಮತ ತೆಗೆದುಕೊಂಡಾಗ ಆಳುವ ಪಕ್ಷ ಮೊದಲ ಸಲ ಎಚ್ಚರಗೊಂಡಿತು.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಗಿರಿ ನಮಗೆ ಗೊತ್ತಿದ್ದವರೇ, 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಹಿಂದಿನ ವರ್ಷವಷ್ಟೇ ಮೈಸೂರು ರಾಜ್ಯದ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದ ಎಸ್. ನಿಜಲಿಂಗಪ್ಪ. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಪಕ್ಷದ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರ ಮನಸ್ಸಿನಲ್ಲಿ ಜಗಜೀವನ್ ರಾಮ್ ಇದ್ದರು. ಆದರೂ ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದರು. ಜುಲೈ 19ರಂದು ಗಿರಿಯವರು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಅಂಕಿತ ಹಾಕಿದರು, ಮರುದಿನ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ಕಣಕ್ಕಿಳಿದರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಅಭ್ಯರ್ಥಿ ಸಿ.ಡಿ. ದೇಶಮುಖ್.

ದೇಶಮುಖ್ ಗೆಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಎಲ್ಲರ ಕಣ್ಣೂ ಅವರ ಮತಪತ್ರಗಳ 2ನೇ ಪ್ರಾಶಸ್ತ್ಯದ ಮೇಲಿತ್ತು. ಅದನ್ನು ರೆಡ್ಡಿಯವರಿಗೆ ಕೊಡಿಸಲೆಂದು ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ಮುಖಂಡರ ಜೊತೆ ಮಾತಾಡಿದರು. ಎಣಿಕೆಯ ಗಣಿತ ಬಲ್ಲವರು ಮಾಡಲೇಬೇಕಿದ್ದ ಕೆಲಸ ಅದು. ಆದರೆ ಅದೇ ಮಾತುಕತೆ ಪಕ್ಷದೊಳಗಿನ ಇಂದಿರಾ ಗಾಂಧಿಯವರ ಬಣಕ್ಕೆ ಕಾರಣ ಒದಗಿಸಿತು: ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂಬ ಕರೆ ಹೊರಟಿತು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಕೋಟಾ 4,18,169. ಮಂಡ್ಯ ಲೋಕಸಭೆಯ ಪದ್ಧತಿಯಲ್ಲಾಗಿದ್ದರೆ ಗಿರಿ ಸುಮಾರು 88 ಸಾವಿರದ ಅಂತರದಿಂದ ಗೆದ್ದು ಎಲ್ಲರೂ ಮನೆಗೆ ಹೋಗುತ್ತಿದ್ದರು. ಇಲ್ಲಿ ಅವರಿಗೆ ಇನ್ನೂ 16,654 ಬೇಕಿತ್ತು. ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಕೊನೆಗೆ ದೇಶಮುಖರ ಕಟ್ಟನ್ನೂ ಬಿಚ್ಚಿದಾಗ ಹಂಚಿಕೆಗೆ ಬಂದದ್ದು ಒಟ್ಟು 1,21,274. ಅದರಲ್ಲಿ ರೆಡ್ಡಿಯವರಿಗೆ 91,879 ಹೋಯಿತು, ಅಂದರೆ ಮುಕ್ಕಾಲು ಭಾಗ. ಗಿರಿಯವರಿಗೆ ಬಂದದ್ದು 18,562. ಉಳಿದ 10,833 ಮುಂದಿನ ಪ್ರಾಶಸ್ತ್ಯವಿಲ್ಲದೆ ನಿಂತುಹೋಯಿತು. ಕೊನೆಯ ಲೆಕ್ಕ: ಗಿರಿ 4,20,077, ರೆಡ್ಡಿ 4,05,427. ಕೋಟಾ ದಾಟಿದ್ದು ಬರೀ 1,908ರಿಂದ. ರೆಡ್ಡಿಯವರ ಕಡೆಯ ತಂತ್ರ ಬಹುಪಾಲು ಫಲಿಸಿತ್ತು. ಕೈಕೊಟ್ಟದ್ದು ಸ್ವಂತ ಪಕ್ಷದವರ 1ನೇ ಪ್ರಾಶಸ್ತ್ಯ. ನವೆಂಬರಿನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಮತದಾರರ ಮೇಲೆ ಅನುಚಿತ ಪ್ರಭಾವ ಬೀರಲಾಗಿದೆ ಎಂಬ ತಕರಾರು ಸುಪ್ರೀಂ ಕೋರ್ಟ್ ಮುಟ್ಟಿ, ರಾಷ್ಟ್ರಪತಿಯಾಗಿದ್ದ ಗಿರಿಯವರೇ ಸಾಕ್ಷಿ ಹೇಳಿದರು. 1970ರಲ್ಲಿ ಅರ್ಜಿಗಳು ವಜಾ ಆದವು.

ಪಕ್ಷೇತರ ಎಂಬ ಮಾತನ್ನು ಇಲ್ಲಿ ಜೋಪಾನವಾಗಿ ಬಳಸಬೇಕು. ಗಿರಿಯವರ ಹಿಂದೆ ಪಕ್ಷವಿರಲಿಲ್ಲ ಎನ್ನುವಂತಿಲ್ಲ, ಒಂದು ಪಕ್ಷದ ಅರ್ಧ ಭಾಗವಿತ್ತು. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷೇತರರ ಪರಿಣಾಮ ನಡೆಯುವುದೇ ಹೀಗೆ. ಪಕ್ಷದೊಳಗೆ ಮೊದಲೇ ಬಿಟ್ಟಿದ್ದ ಬಿರುಕಿಗೆ ಅವರು ಒಂದು ಹೆಸರು ಕೊಡುತ್ತಾರೆ. ಬಿರುಕಿಲ್ಲದ ಕಡೆ ಅವರಿಂದ ಏನೂ ಆಗದು. 2007ರಲ್ಲಿ ಉಪರಾಷ್ಟ್ರಪತಿ ಭೈರೋನ್ ಸಿಂಗ್ ಶೇಖಾವತ್ ಸಹ ಪಕ್ಷೇತರರೆಂದೇ ನಿಂತರು. ಎದುರು ಬಣದಿಂದ ಮತ ಬರುವುದಿರಲಿ, ಅವರದೇ ಮೈತ್ರಿಕೂಟದ ಶಿವಸೇನೆ ಪ್ರತಿಭಾ ಪಾಟೀಲರಿಗೆ ಮತ ಹಾಕಿತು.

1969ರ ಕಣದಲ್ಲಿ 15 ಮಂದಿಯಿದ್ದರು, ಐವರಿಗೆ ಒಂದು ಮತವೂ ಬರಲಿಲ್ಲ. 1967ರಲ್ಲಿ 17 ಮಂದಿ. ಆಗ ಒಬ್ಬ ಸೂಚಕ, ಒಬ್ಬ ಅನುಮೋದಕ ಸಾಕಿತ್ತು, ಠೇವಣಿಯೇ ಇರಲಿಲ್ಲ. ಹೆಸರಿಗೆ ನಿಲ್ಲುವವರ ಕಾಟ ನಿಜವಾದದ್ದೇ. 1974ರಲ್ಲಿ ಕಾನೂನು ತಿದ್ದಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಎಂದು ಮಾಡಿದರು. 1977ರಲ್ಲಿ 37 ಮಂದಿ ನಾಮಪತ್ರ ಹಾಕಿದರು, 36 ಮಂದಿಯದು ತಿರಸ್ಕೃತವಾಯಿತು. ಸಂಜೀವ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. 1992ರಲ್ಲಿ ಮತ್ತೆ ನಾಲ್ವರು ಉಳಿದರು. ಅವರಲ್ಲಿ ರಾಮ್ ಜೇಠ್ಮಲಾನಿ 2,704, ‘ಧರ್ತಿಪಕಡ್’ ಜೋಗಿಂದರ್ ಸಿಂಗ್ 1,135 ಮತ ಪಡೆದರು. 1997ರಲ್ಲಿ ಸೂಚಕರು 50, ಅನುಮೋದಕರು 50, ಠೇವಣಿ 15,000 ಆಯಿತು. ಸಿಂಧು ಮತಗಳ ಆರನೇ ಒಂದು ಭಾಗ ಸಿಗದಿದ್ದರೆ ಠೇವಣಿ ಹೋಯಿತು. ಆ ವರ್ಷ ಶಿವಸೇನೆಯ ಬೆಂಬಲವಿದ್ದ ಟಿ.ಎನ್. ಶೇಷನ್ 50,631 ಮತ ಪಡೆದು ಅದನ್ನು ಕಳೆದುಕೊಂಡರು.

ಠೇವಣಿ ಹೆಚ್ಚಿದ್ದಕ್ಕೆ ಆಕ್ಷೇಪ ಹೇಳುವಂಥದ್ದೇನಿಲ್ಲ. ನೂರು ಸಹಿಯ ಮಾತು ಬೇರೆ. ಸಹಿ ಹಾಕುವವರೆಲ್ಲ ಸಂಸದರು, ಶಾಸಕರೇ ಆಗಿರಬೇಕು. ಒಬ್ಬರು ಒಂದೇ ಅಭ್ಯರ್ಥಿಗೆ ಸಹಿ ಹಾಕಬಹುದು, ಇಬ್ಬರಿಗೆ ಹಾಕಿದರೆ ಮೊದಲು ಸಲ್ಲಿಕೆಯಾದದ್ದಷ್ಟೇ ಲೆಕ್ಕಕ್ಕೆ. ಮತ ಗುಟ್ಟಿನದಾದರೂ ಸಹಿ ಬಹಿರಂಗ. ಪಕ್ಷದ ಕಣ್ಣೆದುರು ಹೊರಗಿನವರ ನಾಮಪತ್ರಕ್ಕೆ ಸಹಿ ಹಾಕುವ ಶಾಸಕರು ಎಷ್ಟು ಮಂದಿ ಸಿಕ್ಕಾರು? ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳ ಹದಿನೆಂಟು ಶಾಸಕರು ಪಕ್ಷ ಮರೆತು ಒಬ್ಬರ ಹಿಂದೆ ನಿಂತರೂ ಇನ್ನು 82 ಸಹಿ ಬೇಕು.

1997ರಿಂದೀಚೆಗೆ ಪ್ರತಿಸಲ ಕಣದಲ್ಲಿ ಉಳಿದವರು ಇಬ್ಬರೇ. ಇಬ್ಬರೇ ಇದ್ದಾಗ ಒಬ್ಬರು ಮೊದಲ ಸುತ್ತಿನಲ್ಲೇ ಅರ್ಧ ದಾಟುತ್ತಾರೆ, ಮತಪತ್ರದ 2ನ್ನು ನೋಡುವ ಪ್ರಮೇಯವೇ ಬರುವುದಿಲ್ಲ. ಬೇಡದವರನ್ನು ತಡೆಯಲು ಎತ್ತರಿಸಿದ ಹೊಸ್ತಿಲು ಸಂವಿಧಾನ ಹೇಳಿದ ಎಣಿಕೆಯ ಪದ್ಧತಿಯನ್ನೇ ಹೊರಗೆ ನಿಲ್ಲಿಸಿದೆ. ಮೂರನೆಯವರೊಬ್ಬರು ಉಳಿಯುವಷ್ಟಾದರೂ ಅದನ್ನು ತಗ್ಗಿಸಬಹುದಿತ್ತು.

ಈಗಿನ ರಾಷ್ಟ್ರಪತಿಯವರ ಅವಧಿ 2027ರ ಜುಲೈನಲ್ಲಿ ಮುಗಿಯುತ್ತದೆ. ಅಧಿಸೂಚನೆ ಹೊರಟ ಮೇಲೆ ನಾಮಪತ್ರಕ್ಕೆ ಸಿಗುವುದು ಹದಿನಾಲ್ಕು ದಿನ. ಅಷ್ಟರಲ್ಲಿ ನೂರು ಸಹಿ, ಠೇವಣಿಯ ರಸೀದಿ, ಅಭ್ಯರ್ಥಿಯ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ನಕಲು ಮೂರೂ ಸೇರಿರಬೇಕು. ಒಂದು ತಪ್ಪಿದರೂ ಪರಿಶೀಲನೆಯ ದಿನವೇ ನಾಮಪತ್ರ ಬಿದ್ದುಹೋಗುತ್ತದೆ.